ಡೆಂಗಿ ತೀವ್ರತೆ ಮತ್ತು ರೋಗನಿರೋಧಕ ವಂಶವಾಹಿಗಳು

ಈಡಿಸ್ ಸೊಳ್ಳೆ ಹರಡುವ ಡೆಂಗಿ ಕೆಲವರಲ್ಲಿ ಬರೀ ಜ್ವರವಾಗಿ ಮುಗಿದರೆ, ಕೆಲವರನ್ನು ರಕ್ತಸ್ರಾವ, ಆಘಾತದವರೆಗೆ ಒಯ್ಯುತ್ತದೆ. ದಾವಣಗೆರೆ, ಹರಿಹರಗಳಲ್ಲಿ ನಲ್ಲಿ ನೀರು ಬಾರದ ದಿನಗಳಿಗೆಂದು ತುಂಬಿಟ್ಟ ಡ್ರಮ್ಮು, ತೊಟ್ಟಿಗಳು ಸೊಳ್ಳೆಗೆ ಒಳ್ಳೆಯ ನೆಲೆ. ಆದರೆ ಒಂದೇ ಮನೆಯ ಅಣ್ಣ ಮೂರ್ನಾಲ್ಕು ದಿನದಲ್ಲಿ ಎದ್ದು ಓಡಾಡುವಾಗ ತಂಗಿ ಆಸ್ಪತ್ರೆ ಸೇರುವುದೇಕೆ?

ಮೊದಲ ಕಾರಣ ವಂಶವಾಹಿಯಲ್ಲ. ವೈರಾಣುವಿನಲ್ಲಿ 4 ಬಗೆಗಳಿವೆ. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು, ಮುಂದೆ ಇನ್ನೊಂದು ಬಗೆ ತಗುಲಿದಾಗ ಅದನ್ನು ಕೊಲ್ಲಲಾರದೆ ಬಿಳಿ ರಕ್ತಕಣದೊಳಕ್ಕೇ ದಾಟಿಸಬಹುದು. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ.

ಅದರ ಮೇಲೆ ವಂಶವಾಹಿಯ ಪಾತ್ರ. 2011ರಲ್ಲಿ ಪ್ರಕಟವಾದ ವಿಯೆಟ್ನಾಂ ಮಕ್ಕಳ ಅಧ್ಯಯನ ಎರಡು ವಂಶವಾಹಿಗಳತ್ತ ಬೆರಳು ತೋರಿತು. 6ನೇ ವರ್ಣತಂತುವಿನ ಎಂಐಸಿಬಿ, ಸೋಂಕಿತ ಜೀವಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳನ್ನು ಕೆರಳಿಸುತ್ತದೆ. 10ನೇ ವರ್ಣತಂತುವಿನ ಪಿಎಲ್‌ಸಿಇ1ಕ್ಕೆ ರಕ್ತನಾಳಗಳ ಸೋರಿಕೆಯೊಡನೆ ನಂಟಿರಬಹುದು. ವಂಶವಾಹಿಯ ಪಾತ್ರಕ್ಕೆ ಇನ್ನೊಂದು ಸುಳಿವು: ಕ್ಯೂಬಾದ 1981ರ ಡೆಂಗಿ ಪಿಡುಗಿನಲ್ಲಿ ಆಫ್ರಿಕಾ ಮೂಲದವರಲ್ಲಿ ತೀವ್ರ ಡೆಂಗಿ ಕಡಿಮೆಯಿತ್ತು.

ಆದರೂ ಇಂಥ ಒಂದೊಂದು ವಂಶವಾಹಿಯ ಪ್ರಭಾವ ಅಲ್ಪ. ಹಾಸಿಗೆಯ ಬಳಿ ವೈದ್ಯರು ಗಮನಿಸುವುದು ಹೊಟ್ಟೆನೋವು, ನಿಲ್ಲದ ವಾಂತಿ, ಏರುವ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ಕುಸಿಯುವ ಪ್ಲೇಟ್‌ಲೆಟ್‌ಗಳನ್ನು. ಇನ್ನು ತಡೆಗಟ್ಟುವ ಮಾತಿಗೆ ಬಂದರೆ, ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು.