ನಾರು ಬಲವರ್ಧಿತ ಪಾಲಿಮರ್ (ಎಫ್.ಆರ್.ಪಿ.) ಸಾಮಗ್ರಿಗಳು: ಉಷ್ಣತೆ, ದಣಿವು ಮತ್ತು ಕ್ರೀಪ್ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಗಾಜಿನ ಅಥವಾ ಕಾರ್ಬನ್ ನಾರುಗಳನ್ನು ರಾಳದಲ್ಲಿ ಹುದುಗಿಸಿ ತಯಾರಿಸುವ ಸಾಮಗ್ರಿಗೆ ನಾರು ಬಲವರ್ಧಿತ ಪಾಲಿಮರ್ ಸಂಯುಕ್ತ ಎಂದು ಹೆಸರು. ಜನಬಳಕೆಯಲ್ಲಿ ಇದು ‘ಫೈಬರ್’ ಎಂದೇ ಪರಿಚಿತ. ಛಾವಣಿಯ ಶೀಟು, ನೀರಿನ ತೊಟ್ಟಿ, ಕೊಳವೆ ಹಾಗೂ ಬಾಗಿಲುಗಳಿಗೆ ಇದನ್ನು ಬಳಸಲಾಗುತ್ತದೆ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಬಿಸಿಲಿಗೆ ತೆರೆದ ಗಾಢ ಬಣ್ಣದ ಮೇಲ್ಮೈ 60 ಡಿಗ್ರಿಯನ್ನೂ ದಾಟಬಹುದು. ಆದುದರಿಂದ ತಂಪು ಕೊಠಡಿಯಲ್ಲಿ ಅಳೆದ ಬಲವನ್ನು ಮಾತ್ರ ನಂಬಿ ಸಾಮಗ್ರಿಯನ್ನು ಆಯ್ಕೆ ಮಾಡುವುದು ಸುರಕ್ಷಿತವಲ್ಲ.

2. ಪದಗಳ ಅರ್ಥ

ಕ್ರೀಪ್: ಭಾರವು ಹೆಚ್ಚದಿದ್ದರೂ, ಕಾಲ ಕಳೆದಂತೆ ವಸ್ತುವು ನಿಧಾನವಾಗಿ ಬಾಗುವುದು ಅಥವಾ ಹಿಗ್ಗುವುದು.

ದಣಿವು: ಒಮ್ಮೆಗೆ ಮುರಿಯಲಾರದ ಭಾರವು ಪದೇ ಪದೇ ಬಿದ್ದಾಗ ಒಳಗೆ ಸೂಕ್ಷ್ಮ ಬಿರುಕುಗಳು ಹುಟ್ಟಿ ಬಲ ಕುಂದುವುದು.

3. ಉಷ್ಣತೆಯ ಪಾತ್ರ

ಈ ಉಷ್ಣತೆಗಳಲ್ಲಿ ಗಾಜಿನ ನಾರು ಮೆದುವಾಗುವುದಿಲ್ಲ, ಮೆದುವಾಗುವುದು ರಾಳ. ಪ್ರತಿಯೊಂದು ರಾಳಕ್ಕೂ ಗಾಜು ಸಂಕ್ರಮಣ ಉಷ್ಣತೆ ಎಂಬ ಮಿತಿಯಿದೆ. ಅದನ್ನು ಸಮೀಪಿಸಿದಂತೆ ಕ್ರೀಪ್ ತೀವ್ರಗೊಳ್ಳುತ್ತದೆ. ಒಂದೇ ದಿಕ್ಕಿನ ನಾರುಗಳ ಉದ್ದಕ್ಕೆ ಎಳೆದಾಗ ಭಾರವನ್ನು ನಾರು ಹೊರುವುದರಿಂದ ಕ್ರೀಪ್ ಕಡಿಮೆ. ಅಡ್ಡಲಾಗಿ ಎಳೆದಾಗ ಅಥವಾ ತುಂಡು ನಾರಿನ ಶೀಟುಗಳಲ್ಲಿ ರಾಳದ ಪಾಲು ಹೆಚ್ಚಿರುವುದರಿಂದ ಕ್ರೀಪ್ ಅಧಿಕ.

4. ಕ್ರೀಪ್ ಲೆಕ್ಕಾಚಾರ

ಫಿಂಡ್ಲೆ ಸೂತ್ರದಂತೆ, ಆರಂಭದ ಬಾಗಿಗೆ ಸೇರುವ ಹೆಚ್ಚುವರಿ ಬಾಗು ಕಾಲದ ಒಂದು ಘಾತಕ್ಕೆ ಅನುಗುಣವಾಗಿರುತ್ತದೆ. ಉದಾಹರಣೆಗೆ ಘಾತಾಂಕ 0.2 ಎಂದು ಭಾವಿಸಿದಲ್ಲಿ, ಮೊದಲ ಗಂಟೆಯಲ್ಲಿ 1 ಮಿ.ಮೀ. ಬಾಗಿದ ಶೀಟು 1,000 ಗಂಟೆಗಳಲ್ಲಿ ಸುಮಾರು 4 ಮಿ.ಮೀ. ಹಾಗೂ 1,00,000 ಗಂಟೆಗಳಲ್ಲಿ (ಸುಮಾರು 11 ವರ್ಷ) 10 ಮಿ.ಮೀ. ಬಾಗುತ್ತದೆ. ಹೆಚ್ಚಿನ ಉಷ್ಣತೆಯಲ್ಲಿ ಅಲ್ಪಕಾಲ ಪರೀಕ್ಷಿಸಿ ದೀರ್ಘಕಾಲದ ವರ್ತನೆಯನ್ನು ಅಂದಾಜಿಸುವ ಕ್ರಮಕ್ಕೆ ಕಾಲ–ಉಷ್ಣತೆ ಸಮೀಕರಣ ಎನ್ನಲಾಗುತ್ತದೆ. ಪರೀಕ್ಷೆಯ ವೇಳೆ ರಾಳದ ರಾಸಾಯನಿಕ ಗುಣ ಬದಲಾದಲ್ಲಿ ಈ ಅಂದಾಜು ಅನ್ವಯಿಸುವುದಿಲ್ಲ. ಗಾಜುನಾರಿನ ಕೊಳವೆಗಳಿಗೆ ಎ.ಎಸ್.ಟಿ.ಎಂ. ಡಿ 2992 ವಿಧಾನದಲ್ಲಿ 10,000 ಗಂಟೆ ಮೀರಿದ ಪರೀಕ್ಷೆಯ ಆಧಾರದ ಮೇಲೆ ದೀರ್ಘಕಾಲದ ಬಲವನ್ನು ನಿರ್ಣಯಿಸಲಾಗುತ್ತದೆ.

5. ದಣಿವಿನ ಲೆಕ್ಕಾಚಾರ

ಭಾರ ಮತ್ತು ಆವರ್ತನಗಳ ಸಂಖ್ಯೆಯನ್ನು ಎಸ್–ಎನ್ ರೇಖೆಯಲ್ಲಿ ಗುರುತಿಸಲಾಗುತ್ತದೆ. ಗಾಜುನಾರಿನ ಸಾಮಗ್ರಿಗೆ ಸ್ಥೂಲ ನಿಯಮವೆಂದರೆ, ಆವರ್ತನಗಳು ಹತ್ತು ಪಟ್ಟು ಹೆಚ್ಚಿದಂತೆಲ್ಲ ತಾಳಬಲ್ಲ ಭಾರವು ಆರಂಭಿಕ ಬಲದ ಸುಮಾರು ಶೇ. 10ರಷ್ಟು ಇಳಿಯುತ್ತದೆ. ದಿನಕ್ಕೆ 4 ಬಾರಿ ಪಂಪು ಚಾಲನೆಯಾದಲ್ಲಿ 20 ವರ್ಷಗಳಲ್ಲಿ ಕೊಳವೆಯು 29,200 ಬಾರಿ ಒತ್ತಡದ ಏರಿಳಿತಕ್ಕೆ ಒಳಗಾಗುತ್ತದೆ. ಆಗ ಅದು ತಾಳಬಲ್ಲುದು ಆರಂಭಿಕ ಬಲದ ಸುಮಾರು ಶೇ. 55 ಮಾತ್ರ. ವಿಭಿನ್ನ ಭಾರಗಳ ಹಾನಿಯನ್ನು ಕೂಡಿಸಲು ಮೈನರ್ ನಿಯಮವನ್ನು (1945) ಬಳಸಲಾಗುತ್ತದೆ. ಸಂಯುಕ್ತಗಳಲ್ಲಿ ಇದು ಯಾವಾಗಲೂ ನಿಖರವಲ್ಲದ ಕಾರಣ ಸುರಕ್ಷತಾ ಗುಣಕ ಅವಶ್ಯ.

6. ಎರಡರ ಸಂಯೋಗ

ಬಿಸಿಯಲ್ಲಿ ನಿಧಾನವಾಗಿ ಏರಿಳಿಯುವ ಭಾರದಿಂದ ಕ್ರೀಪ್ ಮತ್ತು ದಣಿವು ಒಟ್ಟಿಗೆ ಹಾನಿ ಮಾಡುತ್ತವೆ. ವೇಗವಾಗಿ ನಡೆಸಿದ ಪರೀಕ್ಷೆಯಲ್ಲಿ ಮಾದರಿಯು ತಾನೇ ಬಿಸಿಯಾಗುವುದರಿಂದ ಫಲಿತಾಂಶ ತಪ್ಪಬಹುದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಸಂಯುಕ್ತ ಸಾಮಗ್ರಿಗಳ ದಣಿವಿನ ಅಧ್ಯಯನ ನಡೆಸಿದೆ. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ವಿಮಾನದ ಕಾರ್ಬನ್ ನಾರಿನ ಭಾಗಗಳ ಅಭಿವೃದ್ಧಿಯಲ್ಲಿಯೂ ಅದು ಪಾಲ್ಗೊಂಡಿದೆ.

7. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ರಾಳದ ವಿಧ, ಗರಿಷ್ಠ ಬಳಕೆ ಉಷ್ಣತೆ ಹಾಗೂ ಆ ಉಷ್ಣತೆಯಲ್ಲಿನ ಬಲವನ್ನು ತಯಾರಕರಿಂದ ಲಿಖಿತವಾಗಿ ಪಡೆಯುವುದು.

ಆ) ಕುಡಿಯುವ ನೀರಿನ ಗಾಜುನಾರಿನ ಕೊಳವೆಗಳಿಗೆ ಭಾರತೀಯ ಮಾನಕ ಐ.ಎಸ್. 12709 ಅನ್ವಯವನ್ನು ಪರಿಶೀಲಿಸುವುದು.

ಇ) ಛಾವಣಿಯ ಆಧಾರಗಳ ಅಂತರವನ್ನು ತಯಾರಕರ ಸೂಚನೆಗಿಂತ ಹೆಚ್ಚಿಸಬಾರದು. ಶೀಟಿನ ಮೇಲೆ ಕಾಯಂ ಭಾರ ಇಡಬಾರದು, ನಡೆಯಲೂಬಾರದು.

ಈ) ಮೇಲ್ಮೈಯಲ್ಲಿ ಬಿಳಿಚಿದ ಗೆರೆ, ಪದರ ಬಿಡುವಿಕೆ, ನಾರು ಹೊರಬರುವುದು ಅಥವಾ ಬಾಗು ವರ್ಷದಿಂದ ವರ್ಷಕ್ಕೆ ಹೆಚ್ಚುವುದು ಕಂಡುಬಂದಲ್ಲಿ, ಅದರ ಕೆಳಗೆ ಜನರು ಮತ್ತು ಜಾನುವಾರುಗಳು ಇರದಂತೆ ನೋಡಿಕೊಂಡು ಕೂಡಲೇ ಬದಲಾಯಿಸುವುದು.

ಬೆಲೆಯ ಜೊತೆಗೆ ಮೇಲಿನ ವಿವರಗಳನ್ನೂ ಹೋಲಿಸಿ ನೋಡಿ ಸಾಮಗ್ರಿಯನ್ನು ಆಯ್ಕೆ ಮಾಡಲು ಸಾರ್ವಜನಿಕರಲ್ಲಿ ಕೋರಲಾಗಿದೆ.