ಡಿಸ್ಕಿಲ್ಲದ ಕಂಪ್ಯೂಟರುಗಳ ಕಾಲ

2000ದ ಆಚೀಚೆ ಪಾಂಡವಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ನನಗೆ ದೊಡ್ಡ ತಲೆನೋವೆಂದರೆ ಕರೆಂಟು. ಹೇಳದೆ ಕೇಳದೆ ಹೋಗುತ್ತಿತ್ತು, ಆಗಾಗ ಯಾವುದಾದರೊಂದು ಹಾರ್ಡ್‌ಡಿಸ್ಕು ಕೈಕೊಡುತ್ತಿತ್ತು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಗೆಳೆಯರದೂ ಇದೇ ಗೋಳು.

ಅಮೆರಿಕದ ಜಿಮ್ ಮೆಕ್‌ಕ್ವಿಲನ್ 1999ರಲ್ಲಿ ಶುರುಮಾಡಿದ್ದ, ಡಿಸ್ಕಿಲ್ಲದ ಯಂತ್ರಗಳನ್ನು ಒಂದೇ ಸರ್ವರಿನಿಂದ ನಡೆಸುವ ಲಿನಕ್ಸ್ ಟರ್ಮಿನಲ್ ಸರ್ವರ್ ಯೋಜನೆ ಕಿವಿಗೆ ಬಿದ್ದದ್ದೇ ತಡ, ರೈಲು ಹತ್ತಿ ಹಳೆಯ ಕಂಪ್ಯೂಟರ್ ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಕಚೇರಿಗಳು ಕೈಬಿಟ್ಟ ಹಳೆಯ ಪೆಂಟಿಯಂ ಸಾಕು. ಪ್ರೊಸೆಸರಿನ ವೇಗಕ್ಕೆ ದುಡ್ಡು ಸುರಿಯುವುದು ದಂಡ. ನೋಡಬೇಕಾದದ್ದು ನೆಟ್‌ವರ್ಕ್ ಕಾರ್ಡು. ರಿಯಲ್‌ಟೆಕ್ 8139 ಕಾರ್ಡಿನ ಮೇಲೆ ಖಾಲಿ ಸಾಕೆಟ್ಟೊಂದು ಇರುತ್ತಿತ್ತು. ಅದರಲ್ಲಿ ಬೂಟ್ ಚಿಪ್ ಕೂರಿಸಿದರೆ ಯಂತ್ರವು ಸರ್ವರಿನಿಂದ ಕೇಬಲ್ ಮೂಲಕವೇ ಲಿನಕ್ಸನ್ನು ಎಳೆದುಕೊಂಡು ಏಳುತ್ತಿತ್ತು. ಚಿಪ್ ಸಿಗದಿದ್ದರೆ ಒಂದು ಫ್ಲಾಪಿ. ಉಳಿದ ಹಣವೆಲ್ಲ ಸರ್ವರಿನ ಮೆಮೊರಿಗೆ, ಕೆಲಸವೆಲ್ಲ ನಡೆಯುವುದು ಅಲ್ಲೇ ತಾನೆ! ಯುಪಿಎಸ್ಸೂ ಅದಕ್ಕೊಂದೇ. ಕರೆಂಟು ಹೋದರೆ ಹುಡುಗರ ಪರದೆ ಕಪ್ಪಾಗುತ್ತಿತ್ತು, ಸೇವ್ ಮಾಡಿದ ಕಡತ ಭದ್ರ.

ಅದೇ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾರ್ಡ್‌ಡಿಸ್ಕಿಲ್ಲದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದ್ದರು. 2004ರಲ್ಲಿ ಅದು ಅಮಿಡ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಜಾಣ ಯಂತ್ರವೇ. ಆದರೆ ನಮ್ಮ ಕೈಗೆಟುಕಿದ್ದು ಗುಜರಿ ಪೆಂಟಿಯಮ್ಮೇ. ಮದರ್‌ಬೋರ್ಡಿನ ಸೆಲ್ ಸತ್ತವು ಮಾತ್ರ ಬೆಳಿಗ್ಗೆ ಎಫ್1 ಒತ್ತುವ ತನಕ ಮುಂದೆ ಹೋಗುತ್ತಿರಲಿಲ್ಲ.