ಕೈಯಿಂದ ಕೈಗೆ ಸಾಗಿದ ರಂಗದೀಪಗಳು

ರಂಗಭೂಮಿಯ ಚರಿತ್ರೆಯಲ್ಲಿ ನಾಟಕಕಾರರ ಹೆಸರಿದೆ, ನಟನಟಿಯರ ಹೆಸರಿದೆ, ಕಂಪನಿಯ ಮಾಲೀಕರ ಹೆಸರೂ ಇದೆ. ಆದರೆ ಆ ನಟರ ಮುಖ ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಕಾಣುವಂತೆ ಮಾಡಿದ ದೀಪಗಳನ್ನು ಯಾರು ಕೊಂಡರು, ಎಷ್ಟಕ್ಕೆ ಕೊಂಡರು, ತಮಗೆ ಬೇಡವಾದಾಗ ಯಾರಿಗೆ ದಾಟಿಸಿದರು ಎಂಬ ಸಂಗತಿ ಯಾವ ಗ್ರಂಥದಲ್ಲಿಯೂ ಸುಲಭವಾಗಿ ಸಿಗುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ತನ್ನ ಊರಿನ ಕಲಾಸಂಘದ ಕಾರ್ಯದರ್ಶಿ. ಪಕ್ಕದ ಜಿಲ್ಲೆಯಲ್ಲಿ ಒಂದು ಸಭಾಂಗಣ ನವೀಕರಣಗೊಳ್ಳುತ್ತಿದ್ದು, ಅಲ್ಲಿನ ಹಳೆಯ ರಂಗದೀಪಗಳನ್ನೆಲ್ಲ ಒಟ್ಟಾಗಿ ಮಾರುತ್ತಿದ್ದಾರಂತೆ. ಸಂಘದ ಹತ್ತಿರ ಇರುವ ಹಣ ಅಲ್ಪ. ಒಮ್ಮೆ ಖರ್ಚಾದರೆ ಮತ್ತೆ ಕೂಡಲು ಎರಡು ಮೂರು ವರ್ಷಗಳಾದರೂ ಬೇಕು. "ಕೊಳ್ಳಬಹುದೇ ಸಾರ್?" ಎಂದು ಕೇಳಿದ್ದಾನೆ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಮೇಷ್ಟರ ಸ್ವಭಾವವಲ್ಲ ಎಂಬುದು ನಿಮಗೆಲ್ಲ ತಿಳಿದೇ ಇದೆ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಆರಂಭಿಸುತ್ತೇನೆ.

ನಮ್ಮ ನಾಡಿನಲ್ಲಿ ರಾತ್ರಿಯ ಆಟಕ್ಕೆ ಮೊದಲ ಬೆಳಕು ಪಂಜು ಮತ್ತು ದೀವಟಿಗೆ. ಯಕ್ಷಗಾನದ ಮುಖವರ್ಣಿಕೆ, ಕಿರೀಟದ ಹೊಳಪು, ಕನ್ನಡಿ ಚೂರುಗಳ ಆಭರಣ ಇವೆಲ್ಲ ಅಲುಗಾಡುವ ಹಳದಿ ಬೆಳಕಿಗೆಂದೇ ರೂಪುಗೊಂಡವು. ರಾಕ್ಷಸ ವೇಷ ಪ್ರವೇಶಿಸುವಾಗ ಪಂಜಿನ ಮೇಲೆ ರಾಳದ ಪುಡಿ ಎರಚಿ ಭುಗ್ಗೆಂದು ಜ್ವಾಲೆ ಎಬ್ಬಿಸುವುದನ್ನು ನಮ್ಮ ಹಿರಿಯರು ಕಂಡಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೇ ನಮ್ಮ ಮೊದಲ 'ಸ್ಪೆಷಲ್ ಎಫೆಕ್ಟ್'. ಅದಕ್ಕೆ ತಗುಲುತ್ತಿದ್ದ ಖರ್ಚು ಒಂದು ಹಿಡಿ ರಾಳ.

ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಗ್ಯಾಸ್ ದೀಪ ಬಂದಿತು. ಬೆಳಕನ್ನು ಏರಿಸಲು, ಇಳಿಸಲು ಒಂದೇ ಕಡೆಯಿಂದ ಸಾಧ್ಯವಾಯಿತು. ಆದರೆ ಅದರ ಬೆಲೆಯನ್ನು ಜನ ಪ್ರಾಣದಿಂದ ತೆತ್ತರು. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ಥಿಯೇಟರಿನಲ್ಲಿ ರಂಗದ ಗ್ಯಾಸ್ ದೀಪ ಹೊತ್ತಿಸುವಾಗ ಬೆಂಕಿ ಹತ್ತಿ ನೂರಾರು ಪ್ರೇಕ್ಷಕರು ಸತ್ತರು. 1887ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಎಕ್ಸಿಟರ್ ನಗರದ ಥಿಯೇಟರ್ ರಾಯಲ್‌ನಲ್ಲಿಯೂ ಇಂಥದೇ ದುರಂತ ಸಂಭವಿಸಿತು. ಈ ಮಧ್ಯೆ, ವಿಯೆನ್ನಾದ ಬೆಂಕಿಯಾಗಿ ಇಪ್ಪತ್ತೇ ದಿನಗಳಲ್ಲಿ, ಅಂದರೆ 1881ರ ಡಿಸೆಂಬರ್ 28ರಂದು, ಲಂಡನ್ನಿನ ಸೆವಾಯ್ ಥಿಯೇಟರಿನ ರಂಗ ವಿದ್ಯುದ್ದೀಪದಿಂದ ಬೆಳಗಿತು. ಅದರ ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್ ಉರಿಯುತ್ತಿದ್ದ ಬಲ್ಬೊಂದಕ್ಕೆ ತೆಳು ಬಟ್ಟೆ ಸುತ್ತಿ ಪ್ರೇಕ್ಷಕರ ಎದುರಿಗೇ ಒಡೆದು, ಬಟ್ಟೆ ಹೊತ್ತಿಕೊಳ್ಳುವುದಿಲ್ಲವೆಂದು ತೋರಿಸಿದ. ಅಂದಿನ ಪ್ರೇಕ್ಷಕರಿಗೆ ಬೇಕಾಗಿದ್ದದ್ದು ಸೊಗಸಲ್ಲ, ಅಭಯ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬಂದಿತು. ಆದರೆ ನಾಟಕ ಕಂಪನಿಗಳು ತಿರುಗುತ್ತಿದ್ದ ಊರುಗಳಿಗೆಲ್ಲ ಅದು ತಲುಪಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಆ ನಡುವಿನ ಕಾಲವನ್ನು ಆಳಿದ್ದು ಪೆಟ್ರೋಮ್ಯಾಕ್ಸ್. 1910ರ ಸುಮಾರಿಗೆ ಬರ್ಲಿನ್ನಿನಲ್ಲಿ ಹುಟ್ಟಿದ ಈ ದೀಪ ನಮ್ಮ ಮದುವೆ, ಜಾತ್ರೆ, ಬಯಲಾಟ ಎಲ್ಲಕ್ಕೂ 'ಗ್ಯಾಸ್‌ಲೈಟ್' ಆಯಿತು. ಅದನ್ನು ಕೊಳ್ಳುವವರು ಕಡಿಮೆ. ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ತರುವವರೇ ಹೆಚ್ಚು. ನನ್ನ ಬಾಲ್ಯದಲ್ಲಿ ನಮ್ಮ ಊರಿನ ನಾಟಕಕ್ಕೆ ನಾಲ್ಕು ಗ್ಯಾಸ್‌ಲೈಟುಗಳು ಎತ್ತಿನ ಗಾಡಿಯಲ್ಲಿ, ಹುಲ್ಲಿನ ನಡುವೆ, ಮಗುವನ್ನು ಮಲಗಿಸಿದಂತೆ ಬರುತ್ತಿದ್ದವು. ಮ್ಯಾಂಟಲ್ ಉದುರಿದರೆ ಅದರ ದಂಡ ಬೇರೆ. ಇದಕ್ಕೆ ಮಂದ ಮಾಡುವ ಅನುಕೂಲವಿರಲಿಲ್ಲ. ಕತ್ತಲೆಯ ದೃಶ್ಯ ಬಂದರೆ ದೀಪದ ಮುಂದೆ ತಗಡು ಹಿಡಿಯುವ ಒಬ್ಬ ಹುಡುಗ ಬೇಕಿತ್ತು.

ನಮ್ಮ ವೃತ್ತಿ ಕಂಪನಿಗಳ ವೈಭವ ನಿಮಗೆ ಗೊತ್ತು. ಗುಬ್ಬಿ ಕಂಪನಿ 1934ರಲ್ಲಿ ಆನೆ, ಕುದುರೆಗಳನ್ನು ಬಳಸಿ 'ಕುರುಕ್ಷೇತ್ರ' ಆಡಿತು. ಅದೇ ವರ್ಷ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಗೆ ಬಂದದ್ದು ಕಾಲದ ವ್ಯಂಗ್ಯ. ಮುಂದಿನ ದಶಕಗಳಲ್ಲಿ ಸಿನಿಮಾದ ಎದುರು ನಿಲ್ಲಲಾರದೆ ಒಂದೊಂದೇ ಕಂಪನಿ ಮುಚ್ಚಿದಾಗ ಪರದೆ, ಪೋಷಾಕು, ಕಿರೀಟ, ದೀಪಗಳೆಲ್ಲ ಮಾರಾಟಕ್ಕೆ ಬಂದವು. ಕೊಂಡವರು ಇನ್ನೊಂದು ಸಣ್ಣ ಕಂಪನಿಯವರು; ಅವರಿಂದ ಊರಿನ ಹವ್ಯಾಸಿ ಸಂಘದವರು; ಕೊನೆಗೆ ಶಾಲೆಗಳು. ಮೈಮೇಲೆ ಮೂರು ಸಂಘಗಳ ಹೆಸರನ್ನು ಬೇರೆ ಬೇರೆ ಬಣ್ಣದಲ್ಲಿ ಬರೆಸಿಕೊಂಡಿದ್ದ ಒಂದು ದೀಪ ನಮ್ಮ ಶಾಲೆಯ ಉಗ್ರಾಣದಲ್ಲಿಯೂ ಇತ್ತು. ಇತಿಹಾಸದ ಪಾಠ ಹೇಳುವಾಗ ಶಾಸನಕ್ಕೆ ಉದಾಹರಣೆಯಾಗಿ ಅದನ್ನು ತರಗತಿಗೆ ತಂದದ್ದು ಕೆಲವರಿಗಾದರೂ ನೆನಪಿರಬಹುದು.

ಇಂಗ್ಲೆಂಡಿನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಲಂಡನ್ನಿನ ಇಬ್ಬರು ರಂಗ ಎಲೆಕ್ಟ್ರೀಷಿಯನ್ನರು 1914ರಲ್ಲಿ ಸ್ಟ್ರಾಂಡ್ ಎಲೆಕ್ಟ್ರಿಕ್ ಎಂಬ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆ 1953ರಲ್ಲಿ 'ಪ್ಯಾಟರ್ನ್ 23' ಎಂಬ 500 ವ್ಯಾಟಿನ ಪುಟ್ಟ ಸ್ಪಾಟ್‌ಲೈಟನ್ನು ತಂದಿತು. ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಮ್ ಮೈ, ಒಳಗೆ ಕನ್ನಡಿ, ಮುಂದೆ ಒಂದು ಮಸೂರ. ಎರಕದಿಂದಾಗಿ ಬೆಲೆ ಇಳಿಯಿತು. ಶಾಲೆಗಳೂ ಹವ್ಯಾಸಿಗಳೂ ಕೊಳ್ಳುವಂತಾಯಿತು. ಸುಮಾರು ಮೂವತ್ತು ವರ್ಷ ಅದು ತಯಾರಾಯಿತು. ದೊಡ್ಡ ರಂಗಮಂದಿರಗಳು ಹೊಸದನ್ನು ತಂದಾಗಲೆಲ್ಲ ಹಳೆಯವು ಚರ್ಚಿನ ಸಭಾಂಗಣಗಳಿಗೆ, ಹಳ್ಳಿಯ ಸಂಘಗಳಿಗೆ ಇಳಿದು ಹೋದವು. ಅಣ್ಣನ ಅಂಗಿ ತಮ್ಮನಿಗೆ ಬರುವಂತೆ ಎನ್ನಿ.

ಇಲ್ಲಿ ನಮಗೂ ಅವರಿಗೂ ಒಂದು ಸ್ವಾರಸ್ಯದ ನಂಟಿದೆ. ನಮ್ಮ ಮನೆಗಳಲ್ಲಿ ಇಸ್ತ್ರಿಪೆಟ್ಟಿಗೆಗೂ ಗೀಸರಿಗೂ ಬಳಸುವ ದೊಡ್ಡ ಮೂರು ದುಂಡು ಪಿನ್ನಿನ ಪ್ಲಗ್ಗಿನ ಮೂಲ ಬ್ರಿಟಿಷರ ಹಳೆಯ 15 ಆಂಪಿಯರ್ ಮಾದರಿ. ಬ್ರಿಟನ್ನಿನ ಮನೆಗಳು ಎರಡನೆಯ ಮಹಾಯುದ್ಧದ ನಂತರ ಕ್ರಮೇಣ ಫ್ಯೂಸ್ ಇರುವ ಚಪ್ಪಟೆ ಪಿನ್ನಿಗೆ ಬದಲಾದವು. ಆದರೆ ಅಲ್ಲಿನ ರಂಗಮಂದಿರಗಳು ಹಳೆಯ ದುಂಡು ಪಿನ್ನನ್ನು ಬಿಡಲಿಲ್ಲ. ಕಾರಣ ಸರಳ: ಎತ್ತರದಲ್ಲಿ ತೂಗುವ ದೀಪದ ಪ್ಲಗ್ಗಿನೊಳಗೆ ಫ್ಯೂಸ್ ಸುಟ್ಟರೆ ನಾಟಕದ ನಡುವೆ ಏಣಿ ಹತ್ತುವವರು ಯಾರು? ಫ್ಯೂಸ್ ಕೆಳಗೆ, ಡಿಮ್ಮರಿನ ಬಳಿ ಇದ್ದರೆ ಸಾಕು. ಹೀಗೆ ನಮ್ಮ ಅಡಿಗೆಮನೆಯ ಗೋಡೆಗೂ ಲಂಡನ್ನಿನ ರಂಗಕ್ಕೂ ಒಂದೇ ವಂಶದ ಪ್ಲಗ್ಗು.

ಇನ್ನು ಕೊಳ್ಳಲೂ ಆಗದವರು ಏನು ಮಾಡಿದರು? ತಾವೇ ತಯಾರಿಸಿದರು. ಎಣ್ಣೆಯ ಡಬ್ಬಿ, ಬಿಸ್ಕತ್ತಿನ ತಗಡುಡಬ್ಬಿಗಳೊಳಗೆ ಬಲ್ಬು ಕೂರಿಸಿ, ಮುಂದೆ ಬಣ್ಣದ ಜಿಲೆಟಿನ್ ಕಾಗದ ಕಟ್ಟಿ ಎಷ್ಟು ನಾಟಕಗಳು ನಡೆದವೋ ಲೆಕ್ಕವಿಲ್ಲ. ಬಂಗಾಳದ ತಾಪಸ್ ಸೇನ್ ಅವರ ಬದುಕನ್ನು ನೋಡಿ. 1954ರಲ್ಲಿ ಶಂಭು ಮಿತ್ರರ 'ರಕ್ತಕರಬಿ'ಗೆ ಬೆಳಕು ಮಾಡಿದ ಅವರು 1959ರಲ್ಲಿ ಕಲ್ಕತ್ತೆಯ ಮಿನರ್ವಾ ರಂಗದಲ್ಲಿ, ಉತ್ಪಲ್ ದತ್ತರ 'ಅಂಗಾರ್' ನಾಟಕದ ಕೊನೆಗೆ, ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ಕಾರ್ಮಿಕರು ಮುಳುಗುವುದನ್ನು ಬರಿಯ ಬೆಳಕಿನಿಂದ ಕಾಣಿಸಿದರು. ಅದನ್ನು ಸಾಧಿಸಿದ್ದು ಆಮದು ಯಂತ್ರಗಳಲ್ಲ. ಕೈಗೆ ಸಿಕ್ಕ ಸಾಮಾನು ಮತ್ತು ಅದನ್ನು ಬಳಸುವ ಬುದ್ಧಿ.

ಬೆಳಕನ್ನು ಮಂದ ಮಾಡಲು ಉಪ್ಪುನೀರಿನ ಡಿಮ್ಮರ್ ಎಂಬ ಒಂದು ಸಾಧನವಿತ್ತು. ಪಿಂಗಾಣಿ ಭರಣಿಯಲ್ಲಿ ಉಪ್ಪುನೀರು, ತಳದಲ್ಲಿ ಒಂದು ಲೋಹದ ತಟ್ಟೆ, ಮೇಲಿನಿಂದ ಇಳಿಬಿಟ್ಟ ಇನ್ನೊಂದು ತಟ್ಟೆ. ಅಂತರ ಕಡಿಮೆಯಾದಂತೆ ನೀರಿನ ರೋಧ ತಗ್ಗಿ ದೀಪ ಪ್ರಕಾಶಿಸುತ್ತದೆ. ದೂರ ಸರಿಸಿದರೆ ಮಂಕಾಗುತ್ತದೆ. ಭೌತಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಚೆಂದದ ಉದಾಹರಣೆಯಿಲ್ಲ, ರಂಗದ ಬದಿಯಲ್ಲಿ ಇದಕ್ಕಿಂತ ಅಪಾಯದ ವಸ್ತುವೂ ಇಲ್ಲ. ಒಂದು ಊರಿನಲ್ಲಿ ನೀರು ಕಾದು ಭರಣಿ ಬಿರಿದು, ಹಲಗೆಯ ಮೇಲೆ ಹರಿದು ಬರಿಗಾಲಿನ ಪಾತ್ರಧಾರಿಗಳತ್ತ ಸಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೈನ್ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದ ಹಿರಿಯರೊಬ್ಬರ ಸಮಯಪ್ರಜ್ಞೆಯಿಂದ ಆ ರಾತ್ರಿ ಮಕ್ಕಳು ಉಳಿದರು. ಅರೆವಾಹಕದ ಥೈರಿಸ್ಟರ್ 1957ರಲ್ಲಿ ಬಂದ ಮೇಲೆ ಸಣ್ಣ ಪೆಟ್ಟಿಗೆಯೊಳಗಿನ ಡಿಮ್ಮರುಗಳು ಸಾಧ್ಯವಾದವು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಬಿಡಿಭಾಗ ಕೊಂಡು ತಾವೇ ಜೋಡಿಸಿಕೊಂಡ ಸಂಘಗಳನ್ನು ನಾನು ಬಲ್ಲೆ.

ಕಡಿಮೆ ಸಾಮಾನಿನಲ್ಲಿ ಊರೂರು ತಿರುಗುವುದು ಹೇಗೆಂಬುದಕ್ಕೆ ನಮ್ಮಲ್ಲೇ ಮಾದರಿಯಿದೆ. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ 'ತಿರುಗಾಟ' ರಂಗಸಜ್ಜಿಕೆ, ದೀಪಗಳನ್ನು ತಾನೇ ಹೊತ್ತುಕೊಂಡು ಹೋಗಿ, ಸೌಕರ್ಯವಿಲ್ಲದ ಊರುಗಳಲ್ಲಿಯೂ ಆಡುವುದನ್ನು ರೂಢಿಸಿತು. ಅಮೆರಿಕದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ 1932ರಲ್ಲಿ ಬರೆದ ಪುಸ್ತಕದ ಪ್ರಕಾರ ರಂಗದ ಪ್ರತಿ ಭಾಗಕ್ಕೂ ಎರಡು ಬದಿಯಿಂದ, 45 ಡಿಗ್ರಿ ಕೋನದಲ್ಲಿ, ಒಂದು ಬೆಚ್ಚನೆಯ ಮತ್ತೊಂದು ತಂಪಿನ ಬಣ್ಣದ ದೀಪ ಬೇಕು. ಆರು ಭಾಗಗಳಿಗೆ ಹನ್ನೆರಡು ದೀಪ. ನಾಲ್ಕೇ ಇದ್ದವರು ರಂಗವನ್ನೇ ಎರಡು ಭಾಗ ಮಾಡಿಕೊಳ್ಳುತ್ತಾರೆ, ತತ್ತ್ವ ಕೆಡುವುದಿಲ್ಲ.

ಈಗ ನನ್ನ ಶಿಷ್ಯನ ಪ್ರಶ್ನೆಗೆ ಬರುತ್ತೇನೆ. ಹಳೆಯ ದೀಪಗಳು ಹೀಗೆ ಒಟ್ಟೊಟ್ಟಾಗಿ ಮಾರಾಟಕ್ಕೆ ಬರುವುದರ ಹಿಂದೆ ಎಲ್‌ಇಡಿ ಇದೆ. 500 ವ್ಯಾಟಿನ ಹಳೆಯ ದೀಪದ ಕೆಲಸವನ್ನು ಸುಮಾರು 100 ವ್ಯಾಟಿನ ಎಲ್‌ಇಡಿ ಮಾಡುತ್ತದೆ. ಬಣ್ಣದ ಕಾಗದವೂ ಬೇಡ. ಯೂರೋಪಿನಲ್ಲಿ 2018ರಲ್ಲಿ ಹೊಸ ಇಂಧನ ನಿಯಮಗಳಿಂದ ಹಳೆಯ ರಂಗದೀಪಗಳ ಬಲ್ಬುಗಳೇ ಇಲ್ಲವಾಗುತ್ತವೆಂಬ ಭೀತಿ ಹುಟ್ಟಿ, ರಂಗಕರ್ಮಿಗಳು ದೊಡ್ಡ ಚಳವಳಿ ನಡೆಸಿದರು. 2019ರಲ್ಲಿ ಅಂಗೀಕಾರವಾದ ನಿಯಮದಲ್ಲಿ ರಂಗದೀಪಗಳ ಹಲವು ಬಗೆಗಳಿಗೆ ವಿನಾಯಿತಿ ಸಿಕ್ಕಿತು. ಆದರೂ ಬೇಡಿಕೆ ಕುಗ್ಗಿದ ವಸ್ತುವಿನ ತಯಾರಿಕೆ ಎಷ್ಟು ಕಾಲ ನಡೆದೀತು? ಆದ್ದರಿಂದ ದೀಪದ ಬೆಲೆ ಕೇಳುವ ಮೊದಲು ಅದರ ಬಲ್ಬಿನ ಹೆಸರನ್ನು ಬರೆದುಕೊಂಡು, ಆ ಬಲ್ಬು ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ವಿಚಾರಿಸು. ಸಿಗದಿದ್ದರೆ ಪುಕ್ಕಟೆ ಕೊಟ್ಟರೂ ಅದು ದೀಪವಲ್ಲ, ಗುಜರಿ. ಅಮೆರಿಕದಿಂದ ಬಂದದ್ದಾದರೆ ಬಲ್ಬು 120 ವೋಲ್ಟಿನದಿರಬಹುದು. ನಮ್ಮ 230 ವೋಲ್ಟಿಗೆ ಅದು ಕ್ಷಣದಲ್ಲಿ ಸುಡುತ್ತದೆ.

ಎರಡನೆಯದಾಗಿ, ಮುಚ್ಚಳ ತೆರೆದು ನೋಡು. ಹೋಲ್ಡರಿನ ಸಂಪರ್ಕಗಳು ಕಪ್ಪಾಗಿ ಕರಗಿದ್ದರೆ, ಮಸೂರ ಬಿರಿದಿದ್ದರೆ ಬಿಟ್ಟುಬಿಡು. ಒಳಗಿನ ತಂತಿಗೆ ಬಿಳಿ-ಬೂದು ನಾರಿನ ಹೊದಿಕೆಯಿದ್ದರೆ ಮುಟ್ಟಬೇಡ. ಹಿಂದಿನ ದೀಪಗಳಲ್ಲಿ ಶಾಖ ತಡೆಯಲು ಕಲ್ನಾರು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ದಶಕಗಳ ಮೇಲೆ ರೋಗವಾಗಿ ಏಳುತ್ತದೆ. ಮೂರನೆಯದಾಗಿ, ಲೋಹದ ಮೈಗೂ ಪ್ಲಗ್ಗಿನ ದಪ್ಪ ಪಿನ್ನಿಗೂ ಅರ್ಥ್ ಸಂಪರ್ಕ ಇದೆಯೇ ಎಂದು ಎಲೆಕ್ಟ್ರೀಷಿಯನ್ನಿನಿಂದ ಮೀಟರ್ ಹಿಡಿಸಿ ನೋಡಿಸು. ನಾಲ್ಕನೆಯದಾಗಿ, ಲೆಕ್ಕ ಹಾಕು. 1000 ವ್ಯಾಟಿನ ಒಂದು ದೀಪ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 15 ಆಂಪಿಯರಿನ ಒಂದು ಸಾಕೆಟ್ಟಿಗೆ ಮೂರೇ ದೀಪ, ನಾಲ್ಕನೆಯದಕ್ಕೆ ಜಾಗವಿಲ್ಲ. ನಿಮ್ಮ ಊರಿನ ರಂಗಮಂಟಪದ ತಂತಿ ಎಷ್ಟನ್ನು ತಡೆದೀತು ಎಂಬುದು ತಿಳಿಯದೆ ಇಪ್ಪತ್ತು ದೀಪ ತಂದರೆ ಹದಿನಾಲ್ಕು ಉಗ್ರಾಣದಲ್ಲೇ ಉಳಿಯುತ್ತವೆ. ಐದನೆಯದಾಗಿ, ಪ್ರತಿ ದೀಪಕ್ಕೂ ಕೊಕ್ಕೆಯ ಜೊತೆಗೆ ಒಂದು ಉಕ್ಕಿನ ಸುರಕ್ಷಾ ತಂತಿ ಇರಲೇಬೇಕು. ಅದರ ಖರ್ಚನ್ನು ದೀಪದ ಬೆಲೆಯೊಂದಿಗೆ ಮೊದಲೇ ಕೂಡಿಸಿಕೋ.

ಹಾಗಾದರೆ ಎಲ್‌ಇಡಿಯನ್ನೇ ಕೊಳ್ಳೋಣವೇ ಎಂದರೆ, ಹಳೆಯ ಎಲ್‌ಇಡಿ ಬೇಡ ಎನ್ನುತ್ತೇನೆ. ಅದರ ಒಳಗಿನ ವಿದ್ಯುನ್ಮಾನ ಫಲಕ ಕೆಟ್ಟರೆ ಊರಿನಲ್ಲಿ ರಿಪೇರಿಯಿಲ್ಲ. ಹಳೆಯ ತಗಡಿನ ದೀಪಕ್ಕಾದರೆ ಸ್ಕ್ರೂಡ್ರೈವರ್ ಸಾಕು. ಮನುಷ್ಯರ ಮುಖದ ಮೈಬಣ್ಣಕ್ಕೆ, ನಿಧಾನವಾಗಿ ಕೆಂಪಗಾಗುತ್ತ ಆರುವ ಸಂಜೆಗೆ ತಂತುದೀಪದ ಸಮಾನ ಅಗ್ಗದ ಎಲ್‌ಇಡಿಯಲ್ಲಿ ಸಿಗುವುದಿಲ್ಲ. ಆದರೆ ಹಿನ್ನೆಲೆಯ ಬಣ್ಣಕ್ಕೆ ಎರಡು ಹೊಸ ಎಲ್‌ಇಡಿ ಇದ್ದರೆ ವಿದ್ಯುತ್ತಿನ ಹೊರೆ ಬಹಳ ಇಳಿಯುತ್ತದೆ. ಕರೆಂಟು ಹೋದರೂ ಸಣ್ಣ ಇನ್ವರ್ಟರಿನ ಮೇಲೆ ಆಟ ಮುಂದುವರಿಯುತ್ತದೆ.

ನನ್ನ ಸಲಹೆ ಇಷ್ಟು. ಇಡೀ ಮಾಲನ್ನು ಕೊಳ್ಳಬೇಡ. ಪರೀಕ್ಷೆಯಲ್ಲಿ ತೇರ್ಗಡೆಯಾದ ಆರು ದೀಪಗಳನ್ನು ಆರಿಸಿಕೋ. ಹಿಂದೆ ಉಳಿಯುವವುಗಳಲ್ಲಿ ಒಂದನ್ನು ಬಿಡಿಭಾಗಕ್ಕೆಂದು ಗುಜರಿಯ ತೂಕದಲ್ಲಿ ಕೇಳು. ಮಾರುವ ದಿನ ಎಲ್ಲವನ್ನೂ ಅರ್ಧ ಗಂಟೆ ಉರಿಸಿ ತೋರಿಸಲು ಹೇಳು. ನೆರೆಯ ಎರಡು ಸಂಘಗಳನ್ನು ಜೊತೆಗೆ ಕರೆದುಕೊಂಡು ಹೋಗು. ಅವರು ನಾಲ್ಕು, ನೀವು ಆರು ಕೊಂಡು, ಒಬ್ಬರ ನಾಟಕಕ್ಕೆ ಇನ್ನೊಬ್ಬರು ಕೊಟ್ಟು ತಂದು ಮಾಡಿದರೆ ಮೂರೂ ಊರಿಗೆ ಹತ್ತು ದೀಪಗಳಾದವು. ಲೆಕ್ಕಕ್ಕೆ ಒಂದು ಪುಸ್ತಕವಿಡಿ: ಯಾವ ದೀಪ, ಯಾವಾಗ ಕೊಂಡದ್ದು, ಯಾರಿಂದ, ಯಾವಾಗ ತಂತಿ ಬದಲಿಸಿದ್ದು. ಹೋಗುವ ದಿನ ಗೊತ್ತಾದರೆ ನನಗೂ ತಿಳಿಸು. ಏಣಿ ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ. ಕೆಳಗೆ ಕುಳಿತು ಪಟ್ಟಿ ಬರೆಯಬಲ್ಲೆ.